ಎರಡು ಹಾವಿಗೆ ಒಂದ ಟ್ಯಾಂಕ್ ಸಾಕಾಗ್ತದೇನ್ರಿ?

ಈ ಸಲ ನಾಯಿ ಬೆಕ್ಕಿನ ಪತ್ರ ಎಲ್ಲಾ ಪಕ್ಕಕ್ಕಿಟ್ಟು ಬರೇ ಹಾವಿಂದ ತಗೊಂಡೀನಿ. ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಹಾವು ಸಾಕೋರ ಪತ್ರ ಒಂದರ ಹಿಂದೊಂದು ಬಂದಾವ, ಸುತ್ತಿ ಬಳಸಿ ಎಲ್ಲಾರೂ ಕೇಳೋದು ಒಂದ ಮಾತು: ಕೂಡಿಸಿ ಇಡಬಹುದಾ, ಬ್ಯಾರೆ ಇಡಬೇಕಾ.

ಪ್ರಶ್ನೆ: ಸರ್ ನಮಸ್ಕಾರ. ನನ್ನ ಹತ್ರ ಒಂದು ಬಾಲ್ ಪೈಥಾನ್ (ಆಫ್ರಿಕಾದ ಸಣ್ಣ ಜಾತಿ ಹೆಬ್ಬಾವು) ಅದ, ನಾಲ್ಕು ಫೂಟಿನ ಗ್ಲಾಸ್ ಟ್ಯಾಂಕ್ ಮಾಡಿಸಿ ಇಟ್ಟೀನಿ. ಈಗ ನನ್ನ ದೋಸ್ತಗ ಪುಣೆದಾಗ ನೌಕ್ರಿ ಸಿಕ್ಕದ, ಅವನ ಬಾಲ್ ಪೈಥಾನ್ ನೀನ ಇಟ್ಕೋ ಅಂತಾನ. ಅವ್ವ ಒಂದಕ್ಕ ಹೆಂಗೋ ಒಪ್ಪ್ಯಾಳ, ಇನ್ನೊಂದು ಟ್ಯಾಂಕ್ ಮನಿಯೊಳಗ ಬಂದ್ರ ನೀನೂ ಅದರ ಜತಿ ಹೊರಗ ನಡಿ ಅಂತಾಳ. ಒಂದ ಟ್ಯಾಂಕಿನಾಗ ಎರಡೂ ಇಟ್ರ ನಡೀತದಾ? ಯೂಟ್ಯೂಬ್‌ದಾಗ ನೋಡೀನಿ, ಒಂದರ ಮ್ಯಾಲೊಂದು ಸುತ್ಕೊಂಡು ಎಷ್ಟು ಪ್ರೀತಿಲೆ ಮಲಗಿರ್ತಾವ.
– ಸೇಡಂ ರೋಡ್, ಕಲಬುರಗಿ

ಉತ್ತರ: ಬ್ಯಾರೆ ಬ್ಯಾರೆನ ಇಡ್ರಿ. ಒಂದು ಹಾವಿಗೆ ಒಂದು ಟ್ಯಾಂಕ್. ಅವ್ವನ್ನ ಹೆಂಗ ಒಪ್ಪಿಸೋದು ಅಂತ ಆಮ್ಯಾಲ ಹೇಳ್ತೀನಿ, ಮೊದ್ಲ ಯಾಕ ಅಂತ ಕೇಳ್ರಿ.

ವಿಡಿಯೋದಾಗ ನೀವು ನೋಡಿದ್ದು ಪ್ರೀತಿನ ಅಂತ ಹೇಳಾಕ ಬರಂಗಿಲ್ಲ. ಟ್ಯಾಂಕಿನಾಗ ಬೆಚ್ಚಗಿನ ಜಾಗ ಒಂದ ಇರ್ತದ, ಹೀಟ್ ಮ್ಯಾಟ್ (ಕರೆಂಟಿಲೆ ಬಿಸಿ ಆಗೋ ಚಾಪಿ) ಇದ್ದ ಕಡೆ, ಅದರ ಮ್ಯಾಲ ಅಡಗಿಕೊಳ್ಳೋ ಗೂಡು ಇಟ್ಟಿರ್ತೀರಿ, ಎರಡಕ್ಕೂ ಅದ ಬೇಕು, ಹಂಗಾಗಿ ಎರಡೂ ಅದರೊಳಗ ತುರುಕಿಕೊಂಡು ಕೂಡ್ತಾವ. ಹಂಗ ಎರಡು ಹಾವು ಇಟ್ಟೋರ ಮನಿಗೆ ರಾತ್ರಿ ಹನ್ನೊಂದರ ಸುಮಾರಿಗೆ ಹೋಗಿ ಲೈಟ್ ಆರಿಸಿ ಜರಾ ಹೊತ್ತು ಸುಮ್ಕ ಕುಂತು ನೋಡ್ರಿ. ದಪ್ಪಂದು ಗೂಡಿನ ಬಾಯಿಗೇ ಸುತ್ಕೊಂಡು ಕುಂತಿರ್ತದ, ಸಣ್ಣದು ಹೊರಗ ನೀರಿನ ಬೋಗುಣಿ ಹಿಂದಿನ ಮೂಲ್ಯಾಗ ಗ್ಲಾಸಿಗೆ ಮೂಗು ತಿಕ್ಕೋಂತ ಮ್ಯಾಲ ಹತ್ತೋದು ಜಾರೋದು, ಮತ್ತ ಹತ್ತೋದು, ಕೆಲವಂತೂ ಮೂಗಿನ ತುದಿ ಕೆಂಪಗಾಗಿ ಗಾಯ ಆಗೋ ತನಕ ತಿಕ್ತಾವ. ಹಾವು ಗುರ್ರ್ ಅನ್ನಂಗಿಲ್ಲ, ಬೊಗಳಂಗಿಲ್ಲ, ಅದಕ್ಕ ಜಗಳ ನಡದದ ಅಂತ ನಮಗ ಗೊತ್ತಾಗೋದ ಇಲ್ಲ. ಸೋತ ಹಾವು ತಂಪಿನ ಕಡೆ ಬೀಳ್ತದ, ಅದಕ್ಕ ಮೈಯೊಳಗ ತಂದ ಅಂತ ಬಿಸಿ ಇಲ್ಲ, ಹೊರಗಿನ ಬಿಸಿ ಸಿಗಲಿಲ್ಲ ಅಂದ್ರ ತಿಂದ ಇಲಿ ಹೊಟ್ಟ್ಯಾಗ ಕರಗಂಗಿಲ್ಲ, ಮೂರ್ನಾಕ ದಿನಕ್ಕ ಕೊಳತ ಇಲಿ ಹೊರಗ ಕಾರ್ತದ. ಮುಂಜಾನಿ ಎದ್ದು ನೋಡಿದ್ರ ಟ್ಯಾಂಕ್ ತುಂಬ ನಾತ, ಕಾರಿದ್ದು ಯಾವುದು ಅಂತ ಎರಡರ ಮುಖ ನೋಡಿದ್ರ ತಿಳೀತದೇನು?

ಇನ್ನೊಂದು ಮಾತು ಮುಚ್ಚಿಡಬಾರ್ದು. ಹಾವು ಅಂದ್ರ ಪೂರಾ ಒಂಟಿ ಪ್ರಾಣಿ, ಒಂದಕ್ಕೊಂದು ಸೇರಂಗೇ ಇಲ್ಲ ಅಂತ ಹಳೆ ಮಂದಿ ಹೇಳ್ತಿದ್ರಲ್ಲ, ಅದೂ ಪೂರಾ ಖರೆ ಅಲ್ಲ. ಕೆನಡಾದ ವಿಲ್ಫ್ರಿಡ್ ಲೋರಿಯರ್ ಯುನಿವರ್ಸಿಟಿಯವ್ರು ಸಣ್ಣ ವಯಸ್ಸಿನ ಬಾಲ್ ಪೈಥಾನ್ ಗುಂಪು ಮಾಡಿ ದೊಡ್ಡ ಜಾಗದಾಗ ಬಿಟ್ಟು ನೋಡ್ಯಾರ, ಎಲ್ಲದಕ್ಕೂ ಸಾಕಾಗುವಷ್ಟು ಗೂಡು ಇಟ್ರೂ ಅವು ಹೆಚ್ಚಿನ ಹೊತ್ತು ಒಂದ ಗೂಡಿನಾಗ ಕೂಡಿ ಇರ್ತಿದ್ವು, 2024ರಾಗ ಪ್ರಕಟ ಆಗ್ಯದ. ಅದ ಕೆನಡಾದ ಮಾನಿಟೋಬಾದೊಳಗ ನಾರ್ಸಿಸ್ ಅಂತ ಊರದ, ಅಲ್ಲಿ ಸುಣ್ಣದಕಲ್ಲಿನ ಪೊಟರಿಯೊಳಗ (ನಮ್ಮ ಶಹಾಬಾದ್ ಫರ್ಸೀನೂ ಸುಣ್ಣದಕಲ್ಲೇ ಮತ್ತ) ಚಳಿಗಾಲಕ್ಕ ಗಾರ್ಟರ್ ಹಾವು ಸಾವಿರಗಟ್ಟಲೆ ಕೂಡ್ತಾವ. ಆದ್ರ ಚಳಿ ಹೋತು ಅಂದ್ರ ಅಷ್ಟೂ ಚದುರಿ ತಮ್ಮ ತಮ್ಮ ದಾರಿ ಹಿಡಿತಾವ, ಬ್ಯಾಡಾದಾಗ ಎದ್ದು ಹೋಗಾಕ ಅಲ್ಲಿ ಜಾಗ ಅದ. ನಿಮ್ಮ ನಾಲ್ಕು ಫೂಟಿನಾಗ ಎಲ್ಲಿಗೆ ಹೋಗ್ಬೇಕು? ನಾನು ಆ ಸಂಶೋಧನೆ ಓದಿ ಖುಷಿ ಪಟ್ಟೀನಿ, ಆದ್ರೂ ಮನಿಯೊಳಗ ಕೂಡಿಸಿ ಇಡ್ರಿ ಅಂತ ಹೇಳಂಗಿಲ್ಲ, ಯಾಕಂದ್ರ ನನ್ನ ಅಂಜಿಕಿ ಜಗಳಕ್ಕಿಂತ ಜಾಸ್ತಿ ಊಟ ಮತ್ತ ರೋಗಕ್ಕ.

ಊಟದ್ದು ಹೆಂಗಂದ್ರ, ಹಾವು ಬೇಟೆ ಹಿಡಿಯೋದು ವಾಸನಿ ಮತ್ತ ಬಿಸಿ ಮ್ಯಾಲ. ಒಂದಕ್ಕ ಇಲಿ ಕೊಟ್ರಿ, ಅದರ ಬಾಯಿಗೆ ಇಲಿ ವಾಸನಿ ಹತ್ತ್ಯದ, ಬಾಜು ಇನ್ನೊಂದು ಹಸದು ಕುಂತದ, ಅದು ವಾಸನಿ ಬಂದ ಕಡೆ ಬಾಯಿ ಹಾಕ್ತದ, ಅಲ್ಲಿರೋದು ಇಲಿಯೋ ತನ್ನ ಜೋಡೀದಾರನ ತಲಿಯೋ ಅಂತ ನೋಡಂಗಿಲ್ಲ. ಎರಡೂ ಒಂದ ಇಲೀನ ಎರಡು ಕಡೆ ಹಿಡಿದ್ರ ಇನ್ನೂ ಕೆಟ್ಟದ್ದು, ಹಲ್ಲು ಹಿಂದಕ್ಕ ಬಾಗಿರ್ತಾವ, ಬಿಡಬೇಕಂದ್ರೂ ಲಗೂನ ಬಿಡಾಕ ಆಗಂಗಿಲ್ಲ, ನುಂಗ್ತಾ ನುಂಗ್ತಾ ಒಂದು ಇನ್ನೊಂದನ್ನ ನುಂಗಾಕ ಶುರು ಮಾಡ್ತದ. ಹಂಗಾರ ಊಟಕ್ಕಷ್ಟ ಬ್ಯಾರೆ ಡಬ್ಬಿ ಮಾಡ್ತೀನಿ ಅಂತೀರಿ. ತಿಂದ ಮ್ಯಾಲ ಎತ್ತಿ ಓಡಾಡಿಸಿದ್ರ ಕಾರೋ ಸಂಭವ ಜಾಸ್ತಿ, ವಾಪಸ್ ಬಿಟ್ರ ಮೈಗೆ ವಾಸನಿ ಹಂಗ ಇರ್ತದ.

ರೋಗದ್ದು ಬ್ಯಾರೆ ಕತಿ. ಮೈಟ್ ಅಂತ ರಕ್ತ ಹೀರೋ ಹುಳ ಇರ್ತಾವ, ಗಸಗಸಿ ಕಾಳಿನಷ್ಟು, ಕರ್ರಗ, ಕಣ್ಣಿನ ಸುತ್ತ ಗದ್ದದ ಕೆಳಗಿನ ಗೆರ್‍ಯಾಗ ಕುಂತಿರ್ತಾವ, ನೀರಿನ ಬೋಗುಣಿ ತಳದಾಗ ಸತ್ತು ಬಿದ್ದಿದ್ದು ಕಂಡಾಗಲೇ ಎಷ್ಟೋ ಮಂದಿಗೆ ಗೊತ್ತಾಗೋದು. ಅದಕ್ಕಾದ್ರ ಔಷಧ ಅದ. ಕ್ರಿಪ್ಟೋಸ್ಪೊರಿಡಿಯಂ ಅಂತ ಕಣ್ಣಿಗೆ ಕಾಣದ ರೋಗದ ಜೀವಿ ಇನ್ನೊಂದದ, ಹೊಟ್ಟಿ ನಡುವ ಗಂಟು ಬಿಟ್ಟಂಗ ಊದ್ತದ, ತಿಂದದ್ದು ಕಾರ್ತದ, ಸೊರಗಿ ಹೋಗ್ತದ, ಖಾತ್ರಿ ವಾಸಿ ಮಾಡೋ ಔಷಧ ಇಲ್ಲ, ಮನ್ಯಾಗ ಬಳಸೋ ಬ್ಲೀಚಿಂಗ್ ಪೌಡರ್‌ಗೂ ಜಗ್ಗಂಗಿಲ್ಲ. ಪೈಥಾನ್‌ಗೆ ಉಸಿರಾಟದ ವೈರಸ್ ಬ್ಯಾರೆ ಇರ್ತದ, ನಿಡೋವೈರಸ್, ಹೊರಗ ಆರಾಮ ಕಾಣೋ ಹಾವೂ ತಿಂಗಳುಗಟ್ಟಲೆ ಅದನ್ನ ಹೊತ್ಕೊಂಡಿರ್ತದ. ಒಂದ ಟ್ಯಾಂಕ್, ಒಂದ ನೀರು ಅಂದ್ರ ಒಂದಕ್ಕ ಬಂದದ್ದು ಎರಡಕ್ಕೂ ಬಂತು ಅಂತನ ತಿಳೀರಿ.

ಅದಕ್ಕ ದೋಸ್ತನ ಹಾವು ಬಂದ ದಿನಾನ ನಿಮ್ಮ ಹಾವಿನ ರೂಮಿಗೆ ತರಬ್ಯಾಡ್ರಿ. ಕಮ್ಮಿ ಅಂದ್ರ ಮೂರು ತಿಂಗಳು ಬ್ಯಾರೆ ರೂಮು, ಬ್ಯಾರೆ ಬೋಗುಣಿ, ಬ್ಯಾರೆ ಚಿಮಟಾ. ದಿನಾ ಮೊದ್ಲ ನಿಮ್ಮ ಹಳೇ ಹಾವಿಂದು ಕೆಲಸ ಮುಗಸ್ರಿ, ಆಮ್ಯಾಲ ಹೊಸಾದ್ದು, ಆಮ್ಯಾಲ ಸಾಬೂನು ಹಚ್ಚಿ ಕೈ ತೊಳ್ಕೋರಿ. ತಳಕ್ಕ ಬಿಳಿ ಪೇಪರ್ ಟವೆಲ್ ಹಾಸ್ರಿ, ಮೈಟ್ ಇದ್ರ ಅದರ ಮ್ಯಾಲ ಎದ್ದು ಕಾಣ್ತದ. ಒಂದು ಸಲ ಲದ್ದಿ ಟೆಸ್ಟ್ ಮಾಡಿಸ್ರಿ, ಬೀದರ್ ನಂದಿನಗರದಾಗ ವೆಟರ್ನರಿ ಕಾಲೇಜ್ ಅದ, ಹೋಗೋಕಿಂತ ಮೊದ್ಲ ಫೋನ್ ಹಚ್ಚಿ ಹಾವಿನ ಸ್ಯಾಂಪಲ್ ನೋಡ್ತೀರೇನ್ರಿ ಅಂತ ಕೇಳಿಕೊಂಡು ಹೋಗ್ರಿ.

ಕಾಗದಪತ್ರ ಮರೀಬ್ಯಾಡ್ರಿ. ಬಾಲ್ ಪೈಥಾನ್ ಸೈಟಿಸ್ ಅನ್ನೋ ಒಪ್ಪಂದದ (ಕಾಡು ಪ್ರಾಣಿ ವ್ಯಾಪಾರದ ಮ್ಯಾಲ ದೇಶ ದೇಶಗಳು ಮಾಡಿಕೊಂಡದ್ದು) ಎರಡನೇ ಪಟ್ಟಿಯೊಳಗ ಅದ, ಅಂದ್ರ ನಮ್ಮ ವನ್ಯಜೀವಿ ಕಾಯ್ದೆಯ ನಾಲ್ಕನೇ ಶೆಡ್ಯೂಲ್‌ಗೆ ಬರ್ತದ. 2024ರ ಫೆಬ್ರವರಿಯೊಳಗ ಬಂದ ನಿಯಮದ ಪ್ರಕಾರ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ದಾಗ ನೋಂದಣಿ ಮಾಡಿಸಬೇಕು, ಹೊಸದಾಗಿ ಕೈಗೆ ಬಂದ್ರ 30 ದಿನದೊಳಗ. ದೋಸ್ತ ತನ್ನ ಹೆಸರಿಲೆ ಮಾಡಿಸ್ಯಾನೋ ಇಲ್ಲೋ ಮೊದ್ಲ ಕೇಳ್ರಿ, ಇಲ್ಲಂದ್ರ ಅವನು ಊರು ಬಿಡೋಕಿಂತ ಮೊದ್ಲ ಆ ಕೆಲಸ ಆಗಲಿ.

ಇನ್ನ ಅವ್ವಂದು. ಟ್ಯಾಂಕ್ ಎರಡು ಆದ್ರ ನೆಲದ ಜಾಗ ಎರಡು ಆಗ್ಬೇಕಂತ ಏನಿಲ್ಲ. ವೆಲ್ಡಿಂಗ್ ಅಂಗಡ್ಯಾಗ ಆ್ಯಂಗಲ್ ಸ್ಟ್ಯಾಂಡ್ ಎರಡು ಅಂತಸ್ತಿಂದು ಮಾಡಿಸ್ರಿ, ಆ ಮೂರು ತಿಂಗಳು ಮುಗದ ಮ್ಯಾಲ ಕೆಳಗೊಂದು ಮ್ಯಾಲೊಂದು, ಎರಡಕ್ಕೂ ಬೀಗ ಇರಲಿ, ಎರಡಕ್ಕೂ ಬ್ಯಾರೆ ಬ್ಯಾರೆ ಥರ್ಮೋಸ್ಟಾಟ್ (ಬಿಸಿ ಹದದಾಗ ಇಡೋ ಯಂತ್ರ) ಇರಲಿ. ಈ ಹಾವು ಇಪ್ಪತ್ತು ಮೂವತ್ತು ವರ್ಷ ಬದುಕ್ತದ ಅಂತ ಅವ್ವಗ ಈಗಲೇ ಹೇಳಿಬಿಡ್ರಿ, ನಾಳೆ ಲಗ್ನ ಆದ ಮ್ಯಾಲ ಸೊಸಿ ಮುಂದ ಹೇಳೋ ಪಾಳಿ ಬರಬಾರ್ದು. ಅಷ್ಟಾಗಿಯೂ ಅವ್ವ ಒಲ್ಲೆ ಅಂದ್ರ ದೋಸ್ತಗ ಆಗಂಗಿಲ್ಲ ಅಂತ ಹೇಳ್ರಿ, ಬ್ಯಾರೆ ಯಾರರೆ ಸಿಗ್ತಾರ.

ಪ್ರಶ್ನೆ: ನನ್ನ ಹತ್ರ ಕಾರ್ನ್ ಸ್ನೇಕ್ ಅದ, ಈಗ ಬಾಲ್ ಪೈಥಾನೂ ತರಬೇಕಂತ ಮಾಡೀನಿ. ದೊಡ್ಡ ಟ್ಯಾಂಕ್ ತಗೊಂಡು ನಡುವ ಗ್ಲಾಸಿನ ಪಾರ್ಟಿಷನ್ ಹಾಕಿದ್ರ ರೊಕ್ಕ ಉಳೀತದಲ್ರಿ? ಹಂಗಾದ್ರ ಒಂದಕ್ಕೊಂದು ಮುಟ್ಟಂಗೂ ಇಲ್ಲ.
– ಗುಂಪಾ ರೋಡ್, ಬೀದರ್

ಉತ್ತರ: ಉಳಿಯಂಗಿಲ್ರಿ. ಕಾರ್ನ್ ಸ್ನೇಕ್ ಅಮೆರಿಕದ ಆಗ್ನೇಯ ಭಾಗದ್ದು, ಬಾಲ್ ಪೈಥಾನ್ ಪಶ್ಚಿಮ ಮತ್ತ ಮಧ್ಯ ಆಫ್ರಿಕಾದ್ದು, ಎರಡರ ಹವಾನೂ ಕೂಡಂಗಿಲ್ಲ. ಬಾಲ್‌ಗೆ ಬಿಸಿ ಕಡೆ 31ರಿಂದ 33 ಡಿಗ್ರಿ, ತೇವ 60 ಪರ್ಸೆಂಟ್ ಆಸುಪಾಸು. ಕಾರ್ನ್‌ಗೆ ಬಿಸಿ ಕಡೆ 29-30 ಸಾಕು, ತಂಪಿನ ಕಡೆ 23-24, ತೇವ 40-50. ಒಂದ ಪೆಟ್ಟಿಗಿ ಒಳಗ ನಡುವ ಗ್ಲಾಸ್ ಹಾಕಿದ್ರ ಗಾಳಿ ಮ್ಯಾಲಿಂದ ಕೂಡ್ತದ, ಒಂದಕ್ಕ ಸರಿ ಮಾಡಿದ್ರ ಇನ್ನೊಂದಕ್ಕ ತಪ್ಪತದ. ಮುಖ್ಯ ಅಂದ್ರ ಪ್ರತಿ ಹಾವಿಗೂ ಒಂದು ಬಿಸಿ ಕಡೆ ಒಂದು ತಂಪಿನ ಕಡೆ ಬೇಕು, ಹಿಂದ ಮುಂದ ಓಡಾಡಿ ತನ್ನ ಮೈ ಹದ ತಾನ ಮಾಡ್ಕೋತದ, ನೀವು ನಡುವ ಗೋಡಿ ಹಾಕಿ ಒಂದಕ್ಕ ಬರೇ ಬಿಸಿ ಇನ್ನೊಂದಕ್ಕ ಬರೇ ತಂಪು ಕೊಟ್ಟಂಗ ಆಗ್ತದ. ಮೈಟಿಗೆ ಆ ಸಂದಿ ಸಾಕು, ದಾಟಿ ಹೋಗ್ತಾವ. ಬೆಳೆದ ಹಾವು ಯಾವುದಾದ್ರೂ ನಾಲ್ಕು ಫೂಟ್ ಉದ್ದ ಎರಡು ಫೂಟ್ ಅಗಲದ್ದು ತಂದ ಸ್ವಂತದ್ದು ಬೇಕು.

ಹಂಗ ಅಂಗಡಿಯವ್ರು ಕಿಂಗ್ ಸ್ನೇಕ್ ತೋರ್ಸಿ ಇದೂ ಕಾರ್ನ್ ಜತಿ ಇರ್ತದ್ರಿ ಅಂದ್ರ ಅಲ್ಲಿಂದ ಎದ್ದು ಬರ್ರಿ. ಅದು ಅಡವ್ಯಾಗ ಹಾವನ್ನ ತಿಂದು ಬದುಕೋ ಹಾವು, ವಿಷದ ರ್‍ಯಾಟಲ್ ಹಾವನ್ನೂ ಬಿಡಂಗಿಲ್ಲ, ನಿಮ್ಮ ಕಾರ್ನ್ ಯಾವ ಲೆಕ್ಕ.

ಪ್ರಶ್ನೆ: ಹೈದರಾಬಾದಿನಿಂದ ಗಂಡು ಹೆಣ್ಣು ಜೋಡಿ ಬಾಲ್ ಪೈಥಾನ್ ತಂದೀನಿ, ಒಂದ ಇದ್ರ ಮಂಕಾಗ್ತದ ಜೋಡಿನ ತಗೋ ಅಂತ ಮಾರಿದವ್ರು ಹೇಳಿದ್ರು. ಈಗ ಹೆಣ್ಣು ಹಾವು ಊಟ ಬಿಟ್ಟದ. ಬ್ಯಾರೆ ಮಾಡಿದ್ರ ಒಂಟಿ ಆಗಿ ಇನ್ನೂ ಮಂಕಾಗ್ತದೇನೋ ಅಂತ ಅಂಜಿಕಿ.
– ಜೇವರ್ಗಿ

ಉತ್ತರ: ಮಾರೋರಿಗೆ ಒಂದರ ಬದಲಿ ಎರಡು ಹೋದ್ರ ಲಾಭ, ಅದಕ್ಕ ಆ ಮಾತು. ಇವತ್ತ ಸಂಜಿಗೇ ಬ್ಯಾರೆ ಮಾಡ್ರಿ. ಸದ್ಯಕ್ಕ ಟ್ಯಾಂಕ್ ಇಲ್ಲಂದ್ರ ಗಟ್ಟಿ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬಿಗೆ ಗಾಳಿ ತೂತು ಹಾಕಿ ಇಡ್ರಿ, ಗೂಡು, ನೀರು, ಒಂದು ಕಡೆ ಬಿಸಿ, ಇಷ್ಟು ಇದ್ರ ಆತು. ಹೆಣ್ಣು ಊಟ ಬಿಡೋದಕ್ಕ ನಾಕಾರು ಕಾರಣ ಅವ, ಬಾಲ್ ಪೈಥಾನ್ ಸುಮ್ ಸುಮ್ನ ತಿಂಗಳುಗಟ್ಟಲೆ ಉಪವಾಸ ಮಾಡೋ ಹಾವು, ಆದ್ರ ಗಂಡಿನ ಕಾಟದಿಂದಲೂ ಬಿಡ್ತದ, ಮೊಟ್ಟಿ ಕಟ್ಟಿದ್ರೂ ಬಿಡ್ತದ. ಅಡಗಿ ಮನಿ ತಕ್ಕಡ್ಯಾಗ ವಾರಕ್ಕೊಮ್ಮೆ ತೂಕ ಹಚ್ಚಿ ಬರ್ದಿಡ್ರಿ, ತೂಕ ಇಳಿಯಾಕ ಹತ್ತಿದ್ರ ಡಾಕ್ಟರ ಹತ್ರ ಹೋಗೋದ. ಮೈ ತುಂಬದ ಸಣ್ಣ ಹೆಣ್ಣಿಗೆ ಗಂಡು ಬಿಟ್ರ ಮೊಟ್ಟಿ ಒಳಗ ಸಿಕ್ಕಿ ಜೀವಕ್ಕ ಬರೋದೂ ಅದ, ಸಾಕೋರು ಒಂದೂವರೆ ಕೆಜಿ ಆಗೋ ತನಕ ಹೆಣ್ಣನ್ನ ಗಂಡಿನ ಹತ್ರ ಬಿಡಂಗಿಲ್ಲ.

ಬ್ಯಾರೆ ಮಾಡಿದ ಮ್ಯಾಲೂ ಮೊಟ್ಟಿ ಇಟ್ರ ಗಾಬರಿ ಆಗಬ್ಯಾಡ್ರಿ, ಹೆಣ್ಣು ಹಾವು ಗಂಡಿನ ವೀರ್ಯ ಒಳಗ ಭಾಳ ದಿನ ಕೂಡಿಟ್ಟುಕೋತದ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಾಗ 2020ರೊಳಗ 60 ವರ್ಷ ದಾಟಿದ ಬಾಲ್ ಪೈಥಾನ್ ಒಂದು ಮೊಟ್ಟಿ ಇಟ್ಟು ಸುದ್ದಿ ಆಗಿತ್ತು, 15 ವರ್ಷದಿಂದ ಅದರ ಹತ್ರ ಗಂಡ ಹಾವ ಬಂದಿದ್ದಿಲ್ಲ. ಅಷ್ಟು ವರ್ಷ ಒಂಟಿ ಇದ್ದೂ ಮಂಕಾಗಿ ಸತ್ತಿಲ್ಲ ಅನ್ನೋದನ್ನ ಆ ಮಾರಿದವ್ರಿಗೆ ಹೇಳ್ರಿ.

ಪ್ರಶ್ನೆ: ನಮ್ಮ ಕಾಕಾನ ತೊಗರಿ ಹೊಲದಾಗ ಎರಡು ತಲಿ ಹಾವು ಸಿಕ್ಕದ. ಮಣ್ಣುಮುಕ್ಕ ಅಂತಾರಲ್ಲ ಅದ. ವಿಷ ಇಲ್ಲ, ಭಾಳ ಸಾದಾ ಅದ, ಕೈಯಾಗ ಹಿಡಿದ್ರೂ ಏನೂ ಅನ್ನಂಗಿಲ್ಲ. ನನ್ನ ಕಾರ್ನ್ ಸ್ನೇಕ್ ಜತಿ ಇಡಲಾ, ಬ್ಯಾರೆ ಡಬ್ಬಿ ಮಾಡಲಾ? ಮನ್ಯಾಗ ಇದ್ರ ಲಕ್ಷ್ಮಿ ಬರ್ತಾಳ ಅಂತ ಕಾಕಾ ಅಂತಾನ.
– ಗುರುಮಠಕಲ್ ಹತ್ರ, ಯಾದಗಿರಿ ಜಿಲ್ಲಾ

ಉತ್ತರ: ತಮ್ಮಾ, ಜತೀನೂ ಬ್ಯಾಡ ಬ್ಯಾರೆನೂ ಬ್ಯಾಡ. ನಮ್ಮ ದೇಶದ ಹಾವು ಹಿಡಿದು ಮನ್ಯಾಗ ಇಡೋದು, ಮಾರೋದು, ಎಲ್ಲಾ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, ವಿಷ ಇರಲಿ ಬಿಡಲಿ. ಈ ಮಣ್ಣುಮುಕ್ಕ ಹಾವಿನ ಹೆಸರಿಲೆ ಲಕ್ಷಗಟ್ಟಲೆ ಬರ್ತದ ಅಂತ ಹೇಳಿ ಮಂದೀಗೆ ಟೋಪಿ ಹಾಕೋ ಗ್ಯಾಂಗ್ ಎಷ್ಟೋ ಅವ, ಪೊಲೀಸ್ರು ಹಿಡಿಯೋದು ಪೇಪರಿನಾಗ ಬರ್ತಾನ ಇರ್ತದ, ಲಕ್ಷ್ಮಿ ಬರೋದಕ್ಕ ಮೊದ್ಲ ಜೀಪ್ ಬರ್ತದ. ಎರಡು ತಲೀನೂ ಇಲ್ಲ, ಅದರ ಬಾಲ ಮೊಂಡ ಅದ ಅಷ್ಟ, ಶತ್ರು ಬಂದಾಗ ತಲಿ ಮಣ್ಣಾಗ ಹುದುಗಿಸಿ ಬಾಲ ತೋರಿಸ್ತದ.

ಅಡವಿ ಹಾವಿನ ಹೊಟ್ಟ್ಯಾಗ ಹುಳ, ಮೈ ಮ್ಯಾಲ ಉಣ್ಣಿ ಇದ್ದ ಇರ್ತಾವ, ನಿಮ್ಮ ಕಾರ್ನ್‌ಗೆ ಅವು ಹತ್ತಬಹುದು. ಫಾರೆಸ್ಟ್ ಆಫೀಸಿಗೆ ಫೋನ್ ಹಚ್ಚಿ ಅವ್ರ ಕೈಗೆ ಕೊಡ್ರಿ, ಅದು ಹೊಲದಾಗ ಇದ್ರ ತೊಗರಿ ತಿನ್ನೋ ಇಲಿ ತಿಂತದ, ಕಾಕಾಗ ಲಾಭ ಆಗೋದು ಹಂಗ. ನಿಮ್ಮ ಕಂದಕೂರಿನಾಗ ನಾಗರಪಂಚಮಿ ದಿನ ಗುಡ್ಡದ ಮ್ಯಾಲ ಮಂದಿ ಚೇಳು ಕೈಯಾಗ ಹಿಡಿದು ಆಡ್ತಾರಲ್ಲ, ಸಂಜಿಗೆ ಅಲ್ಲೇ ಬಿಟ್ಟು ಮನಿಗೆ ಬರ್ತಾರ, ಕಿಸೆಯೊಳಗ ಹಾಕ್ಕೊಂಡು ಬರಂಗಿಲ್ಲ.

ಪ್ರಶ್ನೆ: ಫ್ರೋಜನ್ ಇಲಿ ತುಟ್ಟಿ ಆಗ್ಯಾವ. ಎರಡು ಹಾವಿಗೆ ನಮ್ಮ ದಾಲ್ ಮಿಲ್ಲಿನ ಇಲಿ ಹಿಡಿದು ಹಾಕಬಹುದಾ?
– ಕಲಬುರಗಿ

ಉತ್ತರ: ಬ್ಯಾಡ. ಮಿಲ್ಲು, ಗೋದಾಮಿನ ಇಲಿ ಅಂದ್ರ ಯಾವುದೋ ಮೂಲ್ಯಾಗ ಇಟ್ಟ ಇಲಿ ಪಾಷಾಣ ತಿಂದಿರ್ತದ, ಅದು ಹಾವಿಗೂ ಹೋಗ್ತದ. ಜೀವಂತ ಇಲಿ ಹಾವನ್ನ ಕಚ್ಚಿ ಗಾಯ ಮಾಡೋದು ಬ್ಯಾರೆ. ಹಾವಿನ ಮೈಯ ದಪ್ಪನ ಭಾಗ ಎಷ್ಟದ ಅಷ್ಟ ದಪ್ಪ ಇಲಿ ಒಂದ ಸಾಕು, ಬೆಳೆದ ಬಾಲ್‌ಗೆ ಎರಡು ಮೂರು ವಾರಕ್ಕೊಂದು ಕೊಟ್ರ ನಡೀತದ, ತಿಂಗಳ ಲೆಕ್ಕ ಹಾಕಿದ್ರ ಅಷ್ಟೇನು ತುಟ್ಟಿ ಬೀಳಂಗಿಲ್ಲ.

ಪ್ರಶ್ನೆ: ನೀವು ಹೇಳಿದಂಗ ಬ್ಯಾರೆ ಬ್ಯಾರೆನ ಇಟ್ಟೀನಿ, ಎರಡು ಟ್ಯಾಂಕ್ ಒಂದ ರೂಮಿನಾಗ, ಮ್ಯಾಲಿನ ಅಂತಸ್ತು, ಸ್ಲ್ಯಾಬಿನ ಮನಿ. ಬ್ಯಾಸಗಿ ಬಂತಂದ್ರ ಎದಿ ಒಡೀತದ, ಕರೆಂಟ್ ಬ್ಯಾರೆ ಹೋಗ್ತದ. ಏನ್ ಮಾಡ್ಲಿ?
– ಶಹಾಬಾದ್

ಉತ್ತರ: ಇಂಟರ್‌ನೆಟ್‌ನಾಗ ಹಾವು ಸಾಕೋದು ಓದಿದ್ರ ಎಲ್ಲಾ ಬೆಚ್ಚಗ ಹೆಂಗ ಇಡೋದು ಅಂತನ ಇರ್ತದ, ಬರಿಯೋರು ತಂಪು ದೇಶದವ್ರು. ನಮ್ಮ ಕಡೆ ಏಪ್ರಿಲ್ ಮೇ ತಿಂಗಳಾಗ 42-43 ಅನ್ನೋದು ಮಾಮೂಲಿ, ಸ್ಲ್ಯಾಬ್ ಕೆಳಗಿನ ರೂಮು ರಾತ್ರಿ ಹನ್ನೆರಡಾದ್ರೂ ಝಳ ಉಗುಳ್ತಾನ ಇರ್ತದ. ಬಾಲ್ ಪೈಥಾನ್ ಆಗಲಿ ಕಾರ್ನ್ ಆಗಲಿ ಟ್ಯಾಂಕ್ ಪೂರಾ 35 ದಾಟಿ ಹಂಗ ನಿಂತ್ರ ತಡಕೊಳ್ಳಂಗಿಲ್ಲ, ಚಳಿಗಿಂತ ಬಿಸಿಲೇ ಬೇಗ ಕೊಲ್ತದ.

ಮೊದ್ಲ ಕೆಲಸ, ಟ್ಯಾಂಕ್ ಎರಡೂ ಕೆಳಗಿನ ಮನಿಗೆ ಇಳಿಸ್ರಿ, ಬಡಗು ದಿಕ್ಕಿನ ಖೋಲಿ ಇದ್ರ ಇನ್ನೂ ಚಲೋ. ಹೀಟ್ ಮ್ಯಾಟ್ ಪ್ಲಗ್ ಕಿತ್ತಿಡ್ರಿ, ಥರ್ಮೋಸ್ಟಾಟ್ ಅದ ಅಂತ ನಂಬಿ ಬಿಡಬ್ಯಾಡ್ರಿ. ಇನ್ನ ನೀವು ಶಹಾಬಾದ್‌ದವ್ರು, ನಿಮಗ ಫರ್ಸಿ ಬಗ್ಗೆ ನಾನೇನು ಹೇಳೋದು, ಬಾಗಲ ಹೊರಗ ತುಂಡು ಬಿದ್ದಿರ್ತಾವ. ಅಂಚು ಚೂಪು ಇಲ್ದಂಗ ಉಜ್ಜಿದ ಒಂದು ಫೂಟಿನ ತುಂಡು ತೊಳದು ಒಣಗಿಸಿ ತಂಪಿನ ಕಡೆ ಗೂಡಿನ ಕೆಳಗ ಇಡ್ರಿ, ಎರಡು ತುಂಡು ಇದ್ರ ಒಂದು ಟ್ಯಾಂಕಿನಾಗ ಒಂದು ಮನಿಯ ತಂಪು ಮೂಲ್ಯಾಗ, ಮಧ್ಯಾಹ್ನಕ್ಕ ಬದಲಿ ಮಾಡ್ರಿ. ಹಾವು ಹೊಟ್ಟಿ ಪೂರಾ ಊರಿ ಉದ್ದಕ್ಕ ಅದರ ಮ್ಯಾಲ ಚಾಚಿಕೋತದ, ಆಗ ತಿಳೀತದ ಅದಕ್ಕ ಎಷ್ಟು ಬೇಕಿತ್ತು ಅಂತ. ಇಲ್ಲೇ ಒಂದ ಟ್ಯಾಂಕಿನಾಗ ಎರಡು ಇದ್ದಿದ್ರ ಆ ಒಂದು ಕಲ್ಲಿಗೂ ಪಾಳಿ ಹಚ್ಚಬೇಕಾಗ್ತಿತ್ತು, ನೀವು ಬ್ಯಾರೆ ಮಾಡಿದ್ದು ಭಾಳ ಚಲೋ ಆತು.

ಪ್ಲಾಸ್ಟಿಕ್ ಬಾಟ್ಲಿಯೊಳಗ ನೀರು ಐಸ್ ಮಾಡಿ ಅರಬಿ ಸುತ್ತಿ ಟ್ಯಾಂಕಿನ ಹೊರಗ ಗ್ಲಾಸಿಗೆ ತಾಗಿಸಿ ಇಡ್ರಿ, ಒಳಗ ಇಡಬ್ಯಾಡ್ರಿ. ಕೂಲರ್ ಹಚ್ಚಿದ್ರ ರೂಮಿನ ತೇವ ಏರ್ತದ, ಬಾಲ್‌ಗೆ ಅದು ಬೇಕಾದ್ದ, ಆದ್ರ ಕೆಳಗಿನ ಹಾಸು ಹಸಿ ಆಗಿ ಉಳದ್ರ ಹೊಟ್ಟಿ ಕೆಳಗಿನ ಪೊರಿ ಕೊಳೀತದ, ಅದಕ್ಕ ದಿನಾ ಕೈ ಹಾಕಿ ನೋಡ್ರಿ. ಕರೆಂಟ್ ಹೋದಾಗ ಇನ್ವರ್ಟರ್ ಮ್ಯಾಲ ಒಂದು ಸಣ್ಣ ಫ್ಯಾನ್ ನಡದ್ರ ಸಾಕು, ಕಿಟಕಿಗೆ ಹಸಿ ಗೋಣಿ ಚೀಲ ಕಟ್ಟಿದ್ರ ಇನ್ನೂ ತಂಪು. ಬಿಸಿಲು ವಿಪರೀತ ಇದ್ದ ವಾರ ಊಟ ಮುಂದ ಹಾಕ್ರಿ. ತಾಸುಗಟ್ಟಲೆ ಕರೆಂಟ್ ಇಲ್ಲಂದ್ರ ಫ್ರೀಜರ್‌ದಾಗಿನ ಇಲಿ ಕರಗಿರ್ತಾವ, ಅವನ್ನ ಮತ್ತ ಐಸ್ ಮಾಡಬ್ಯಾಡ್ರಿ, ಅವತ್ತ ತಿನಿಸಿ ಮುಗಸ್ರಿ, ಇಲ್ಲ ಹೊರಗ ಹಾಕ್ರಿ.

ಥರ್ಮಾಮೀಟರ್ ಮಾತ್ರ ಪ್ರತಿ ಟ್ಯಾಂಕಿಗೆ ಎರಡೆರಡು, ಬಿಸಿ ಕಡೆ ಒಂದು ತಂಪಿನ ಕಡೆ ಒಂದು. ಡಿಸೆಂಬರ್‌ದಾಗ ಹೀಟ್ ಮ್ಯಾಟ್ ಮತ್ತ ಹಚ್ಚೋಕಿಂತ ಮೊದ್ಲ ಅದರ ವೈರ್ ಇಲಿ ಕಡದದ ಏನೋ ನೋಡಿಕೊಳ್ರಿ.